ಬ್ರೌಸರ್ ತಾನಾಗಿ ಬದಲಾಗಿದ್ದರೆ ಮನೆಯ ಕಂಪ್ಯೂಟರ್ ಸರಿಪಡಿಸುವ ಕ್ರಮ

ಕ್ರೋಮ್ ತೆರೆದರೆ ಗೂಗಲ್ ಬದಲು ಎಂದೂ ಕೇಳದ ಹೆಸರಿನ ಸರ್ಚ್ ಪುಟ ಬರುತ್ತದೆ. ಪಹಣಿ ನೋಡಲು ಹೋದರೆ ಪಕ್ಕದಲ್ಲೇ ಜಾಹೀರಾತಿನ ಟ್ಯಾಬ್ ತೆರೆದುಕೊಳ್ಳುತ್ತದೆ. ವಿಳಾಸ ಪಟ್ಟಿಯ ಕೆಳಗೆ ಯಾರೂ ಹಾಕದ ಟೂಲ್‌ಬಾರ್ ಬಂದು ಕೂತಿರುತ್ತದೆ. ಮನೆಯವರನ್ನು ಕೇಳಿದರೆ 'ನಾ ಏನೂ ಮಾಡಿಲ್ರಿ, ಸುಮ್ನ ನೆಕ್ಸ್ಟ್ ಒತ್ತೀನಿ' ಎನ್ನುತ್ತಾರೆ. ಅವರು ಹೇಳುವುದು ನಿಜವೇ. ಇಂಥ ತಂತ್ರಾಂಶಗಳೆಲ್ಲ ಆ 'ನೆಕ್ಸ್ಟ್' ಗುಂಡಿಯನ್ನೇ ನಂಬಿ ಒಳಬರುತ್ತವೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ಮಾಡುವುದು ಸೆಟ್ಟಿಂಗ್ಸ್‌ಗೆ ಹೋಗಿ ಹೋಮ್‌ಪೇಜ್ ಬದಲಿಸುವುದು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಹಳೆಯ ಪುಟವೇ ಮತ್ತೆ ಹಾಜರು. ಹೋಮ್‌ಪೇಜ್ ಬರೀ ಲಕ್ಷಣ. ಅದನ್ನು ಮತ್ತೆ ಮತ್ತೆ ತಿರುಗಿಸುತ್ತಿರುವುದು ಬೇರೆಲ್ಲೋ ಅಡಗಿರುತ್ತದೆ: ಇನ್‌ಸ್ಟಾಲ್ ಆದ ಒಂದು ಪ್ರೋಗ್ರಾಂ, ವೇಳೆಗೆ ಸರಿಯಾಗಿ ಏಳುವ ಒಂದು ಟಾಸ್ಕ್, ಇಲ್ಲವೇ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ಜಾಗ) ಬರೆದಿಟ್ಟ ಒಂದು ಪಾಲಿಸಿ, ಅಂದರೆ ಬ್ರೌಸರ್ ಪಾಲಿಸಲೇಬೇಕಾದ ಕಟ್ಟಳೆ. ಮೊದಲು ಅದನ್ನು ತೆಗೆಯಬೇಕು, ಬ್ರೌಸರ್ ರೀಸೆಟ್ ಮಾಡುವುದು ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಎಷ್ಟು ಸಲ ರೀಸೆಟ್ ಮಾಡಿದರೂ ಕೆಲಸ ಉಳಿಯುವುದಿಲ್ಲ.

ಮೊದಲು ಎರಡು ನಿಮಿಷದ ಪರೀಕ್ಷೆ

ತೆರೆಯ ಬಲಮೂಲೆಯಲ್ಲಿ ಕೆಳಗಿನಿಂದ 'ವೈರಸ್ ಸಿಕ್ಕಿದೆ', 'ಬಹುಮಾನ ಬಂದಿದೆ' ಎಂಬ ಚೀಟಿಗಳು ಏಳುತ್ತಿದ್ದು, ಹೋಮ್‌ಪೇಜ್ ಮತ್ತು ಸರ್ಚ್ ಸರಿಯಾಗಿದ್ದರೆ, ಅದು ಬಹುತೇಕ ವೈರಸ್ ಅಲ್ಲ. ಯಾವುದೋ ಪುಟ 'ಅಲೋ ಒತ್ತಿದರೆ ವಿಡಿಯೊ ಶುರುವಾಗುತ್ತದೆ' ಎಂದಿರುತ್ತದೆ, ಯಾರೋ ಒತ್ತಿರುತ್ತಾರೆ. ಹೊಸ ತೆಲುಗು ಸಿನಿಮಾಗಳನ್ನು ಪುಕ್ಕಟೆ ಕೊಡುತ್ತೇವೆನ್ನುವ ಪುಟಗಳಲ್ಲಿ ಇದು ಬಹಳ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಎಂದು ಹೋಗಿ. ಅನುಮತಿ ಪಡೆದ ಸೈಟುಗಳ ಪಟ್ಟಿಯಲ್ಲಿ ಗುರುತಿಲ್ಲದ ಪ್ರತಿ ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿ 'ರಿಮೂವ್' ಕೊಡಿ. ಎಡ್ಜ್ ಮತ್ತು ಫೈರ್‌ಫಾಕ್ಸ್‌ನಲ್ಲೂ ಇಂಥದೇ ಪಟ್ಟಿ ಇದೆ. ಚೀಟಿಗಳು ನಿಂತರೆ ಕೆಲಸ ಅಲ್ಲಿಗೆ ಮುಗಿಯಿತು.

ತೆರೆ ಪೂರ್ತಿ ತುಂಬಿಕೊಂಡು, ಸೈರನ್ ಹೊಡೆಯುತ್ತ, 'ಈ ನಂಬರಿಗೆ ಫೋನ್ ಮಾಡಿ' ಎನ್ನುವ ಪುಟ ಬಂದಿದ್ದರೆ ಫೋನ್ ಮಾಡಬೇಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮೇಲೆ 'ಎಂಡ್ ಟಾಸ್ಕ್' ಕೊಡಿ. ಮತ್ತೆ ತೆರೆದಾಗ 'ರಿಸ್ಟೋರ್ ಪೇಜಸ್' ಎಂದು ಕೇಳುತ್ತದೆ, ಅದನ್ನು ಒತ್ತಬಾರದು. ಒತ್ತಿದರೆ ಅದೇ ಪುಟ ಮತ್ತೆ ಬರುತ್ತದೆ.

ಕೈ ಹಾಕುವ ಮುನ್ನ

ಬೇಕಾದ ಫೋಟೊ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, 371ಜೆ ಪ್ರಮಾಣಪತ್ರದ ಪಿಡಿಎಫ್, ನುಡಿಯಲ್ಲಿ ಬರೆದ ಕಡತಗಳು, ಟ್ಯಾಲಿಯ ಡೇಟಾ ಫೋಲ್ಡರ್ ಇವೆಲ್ಲವನ್ನೂ ಬೇರೆ ಡಿಸ್ಕಿಗೋ ಪೆನ್‌ಡ್ರೈವ್‌ಗೋ ನಕಲು ಮಾಡಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುವ ಸೆಟಪ್ ಫೈಲುಗಳನ್ನು ಮಾತ್ರ ನಕಲು ಮಾಡಬೇಡಿ. ತೊಂದರೆ ಒಳಗೆ ಬಂದಿರುವುದು ಅವುಗಳಲ್ಲೇ ಒಂದರಿಂದ ಇರಬಹುದು. ಸ್ಟಾರ್ಟ್ ಮೆನುವಿನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ಮುಂದೆ ರಿಜಿಸ್ಟ್ರಿ ಮುಟ್ಟುವ ಪ್ರಸಂಗ ಬಂದರೆ ಇದೇ ಆಸರೆ.

ಕರೆಂಟಿನ ಲೆಕ್ಕವನ್ನೂ ಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಸ್ಕ್ಯಾನ್ ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಮಾಡಿದರಾಯಿತು. ಆದರೆ ವಿಂಡೋಸ್ ರೀಸೆಟ್ ನಡುವೆ ಹೋದರೆ ಕಂಪ್ಯೂಟರ್ ಏಳದೆಯೂ ಹೋಗಬಹುದು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ದೊಡ್ಡ ಕೆಲಸವನ್ನು ಬೆಳಿಗ್ಗೆ ಬೇಗ ಶುರು ಮಾಡಿ. ಆ ಹೊತ್ತಿಗೆ ಸೆಕೆಯೂ ಕಡಿಮೆ ಇರುತ್ತದೆ. ಧೂಳು ತುಂಬಿದ ಕ್ಯಾಬಿನೆಟ್ ಮಧ್ಯಾಹ್ನದ ಬಿಸಿಲಲ್ಲಿ ಎರಡು ತಾಸು ಸ್ಕ್ಯಾನ್ ತಡೆದುಕೊಳ್ಳದೆ ತಾನಾಗಿ ಆಫ್ ಆಗುವುದುಂಟು.

ಕೊನೆಯದಾಗಿ ಬ್ರೌಸರಿನ ಸಿಂಕ್. ಕ್ರೋಮ್‌ನಲ್ಲಿ ಗೂಗಲ್ ಖಾತೆಗೆ ಲಾಗಿನ್ ಆಗಿದ್ದರೆ ಎಕ್ಸ್‌ಟೆನ್ಷನ್‌ಗಳೂ (ಬ್ರೌಸರಿಗೆ ಅಂಟಿಸುವ ಸಣ್ಣ ಪ್ರೋಗ್ರಾಂಗಳು) ಸೆಟ್ಟಿಂಗ್‌ಗಳೂ ಆ ಖಾತೆಯಲ್ಲಿ ಉಳಿದಿರುತ್ತವೆ. ಇಲ್ಲಿ ತೆಗೆದದ್ದನ್ನು ಅಲ್ಲಿಂದ ಅದು ವಾಪಸ್ ತಂದು ಹಾಕಬಲ್ಲದು. ಕೆಲಸ ಮುಗಿಯುವ ತನಕ ಸಿಂಕ್ ನಿಲ್ಲಿಸಿಡಿ.

ಬೇರು ಹುಡುಕುವುದು

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್. ವಿಂಡೋಸ್ 10ರಲ್ಲಿ ಅದೇ ಜಾಗಕ್ಕೆ 'ಆ್ಯಪ್ಸ್ ಅಂಡ್ ಫೀಚರ್ಸ್' ಎಂದು ಹೆಸರು. ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ನೆನಪಿದ್ದರೆ ಅರ್ಧ ಕೆಲಸ ಆದಂತೆ. ಆ ದಿನ ಒಂದರ ಬೆನ್ನಿಗೆ ಒಂದು ಮೂರು ನಾಲ್ಕು ಪ್ರೋಗ್ರಾಂ ಕೂತಿದ್ದರೆ, ಅವು ಒಂದೇ ಸೆಟಪ್ ಫೈಲಿನ ಜೊತೆಗೆ ಬಂದಿರುವ ಸಂಭವ ಹೆಚ್ಚು. ಪಿಡಿಎಫ್ ಕನ್ವರ್ಟರ್, ಡ್ರೈವರ್ ಅಪ್‌ಡೇಟರ್, ಪಿಸಿ ಕ್ಲೀನರ್, ಕೂಪನ್, ಸರ್ಚ್, ವೆಬ್ ಕಂಪ್ಯಾನಿಯನ್ ಎಂಬಂಥ ಹೆಸರುಗಳ ಮೇಲೆ ಮೊದಲು ಕಣ್ಣಿಡಿ.

ತೆಗೆಯುವಾಗ ಬರುವ ಕಿಟಕಿಯನ್ನು ನಿಧಾನವಾಗಿ ಓದಿ. ದೊಡ್ಡ ಬಣ್ಣದ ಗುಂಡಿಯ ಮೇಲೆ 'ಇರಲಿ ಬಿಡಿ' ಎಂಬ ಅರ್ಥದ ಮಾತು ಇರುತ್ತದೆ, ನಿಜವಾಗಿ ತೆಗೆಯುವ ಕೊಂಡಿ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿರುತ್ತದೆ. ಕೆಲವು ಹೋಗುವ ಮುನ್ನ 'ಬದಲಿಗೆ ಇದನ್ನು ಹಾಕಲೇ' ಎಂದು ಇನ್ನೊಂದನ್ನು ಮುಂದೆ ಮಾಡುತ್ತವೆ, ಅದರ ಟಿಕ್ ಮೊದಲೇ ಬಿದ್ದಿರುತ್ತದೆ. ಟಿಕ್ ತೆಗೆದು ಮುಂದುವರಿಯಿರಿ.

ಅಪರಿಚಿತ ಹೆಸರೆಲ್ಲ ಕೆಟ್ಟದ್ದಲ್ಲ ಎಂಬುದೂ ಗೊತ್ತಿರಲಿ. ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್, ಡಾಟ್ ನೆಟ್, ಇಂಟೆಲ್, ರಿಯಲ್‌ಟೆಕ್, ಪ್ರಿಂಟರ್ ಕಂಪನಿಯ ಹೆಸರಿನವು ಇರಲೇಬೇಕು. ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕವನ್ನೋ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಜಿಎಸ್‌ಟಿಯನ್ನೋ ಮನೆಯಿಂದಲೇ ನೋಡುವವರ ಕಂಪ್ಯೂಟರಿನಲ್ಲಿ ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರ್ ಮತ್ತು ಸಹಿ ಹಾಕುವ ಪ್ರೋಗ್ರಾಂ ಇರುತ್ತವೆ. ಅವುಗಳ ಹೆಸರು ವಿಚಿತ್ರವಾಗಿ ಕಂಡರೂ ಮುಟ್ಟಬೇಡಿ. ತೆಗೆದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಸಹಿ ಬೀಳುವುದಿಲ್ಲ.

ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟ್‌ಅಪ್' ವಿಭಾಗ ನೋಡಿ. ಗುರುತಿಲ್ಲದ್ದನ್ನು ಡಿಸೇಬಲ್ ಮಾಡಿ. ಇಲ್ಲಿ ತಪ್ಪಾದರೆ ಮತ್ತೆ ಎನೇಬಲ್ ಮಾಡಬಹುದು, ಹೆದರಿಕೆ ಬೇಡ.

ಹೆಚ್ಚಿನವರು ನೋಡದೆ ಬಿಡುವ ಜಾಗ ಟಾಸ್ಕ್ ಶೆಡ್ಯೂಲರ್, ವೇಳೆಗೆ ಸರಿಯಾಗಿ ಟಾಸ್ಕ್‌ಗಳನ್ನು ಎಬ್ಬಿಸುವುದು ಇದೇ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಹುಡುಕಿ ತೆರೆಯಿರಿ, ಎಡಗಡೆ 'ಟಾಸ್ಕ್ ಶೆಡ್ಯೂಲರ್ ಲೈಬ್ರರಿ' ಒತ್ತಿ. ಒಂದೊಂದೇ ಸಾಲನ್ನು ಆರಿಸಿ ಕೆಳಗಿನ 'ಆ್ಯಕ್ಷನ್ಸ್' ವಿಭಾಗ ಓದಿ. ಗೂಗಲ್ ಅಪ್‌ಡೇಟರ್, ಎಡ್ಜ್ ಅಪ್‌ಡೇಟ್, ಒನ್‌ಡ್ರೈವ್ ಇವು ಸಹಜ. ಬ್ರೌಸರ್ ಹೆಸರಿನ ಮುಂದೆ ಒಂದು ವೆಬ್ ವಿಳಾಸ ಅಂಟಿಕೊಂಡಿದ್ದರೆ ಅದೇ ಕಳ್ಳ. ಆ್ಯಪ್‌ಡೇಟಾ ಫೋಲ್ಡರಿನೊಳಗಿನ ಯಾವುದೋ ಅರ್ಥವಿಲ್ಲದ ಅಕ್ಷರಗಳ ಫೈಲನ್ನು ಪವರ್‌ಶೆಲ್ (ಆದೇಶಗಳನ್ನು ಓಡಿಸುವ ವಿಂಡೋಸ್‌ನದೇ ಪ್ರೋಗ್ರಾಂ) ಮೂಲಕ ಓಡಿಸುತ್ತಿರುವ ಸಾಲಿನ ಮೇಲೂ ಅನುಮಾನ ಪಡಬೇಕು. ಅಳಿಸುವ ಮೊದಲು ಬಲ ಕ್ಲಿಕ್ ಮಾಡಿ 'ಡಿಸೇಬಲ್' ಕೊಡಿ. ನಾಲ್ಕು ದಿನ ಎಲ್ಲ ಸರಿಯಿದ್ದರೆ ಆಮೇಲೆ ಅಳಿಸಿ.

ಶಾರ್ಟ್‌ಕಟ್‌ನ ಬಾಲ

ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆಯಿರಿ. 'ಟಾರ್ಗೆಟ್' ಎಂಬ ಚೌಕದೊಳಗೆ ಕ್ಲಿಕ್ ಮಾಡಿ ಎಂಡ್ ಕೀ ಒತ್ತಿ, ಸಾಲಿನ ತುದಿಗೆ ಹೋಗಿ. ಸಾಲು 'ಕ್ರೋಮ್ ಡಾಟ್ ಇಎಕ್ಸ್‌ಇ' ಎಂದು ಮುಗಿದು, ಉದ್ಧರಣ ಚಿಹ್ನೆ ಬಿದ್ದು, ಅಲ್ಲಿಗೆ ನಿಲ್ಲಬೇಕು. ಅದರ ನಂತರ ಒಂದು ಜಾಗ ಬಿಟ್ಟು ವೆಬ್ ವಿಳಾಸ ಇದ್ದರೆ, ಕ್ರೋಮ್ ಒಳಗಿನ ಸೆಟ್ಟಿಂಗ್ ಎಷ್ಟೇ ಸರಿಯಿರಲಿ, ಆ ಗುರುತು ಒತ್ತಿದಾಗಲೆಲ್ಲ ಅದೇ ಪುಟ ತೆರೆಯುತ್ತದೆ. ಉದ್ಧರಣ ಚಿಹ್ನೆಯ ನಂತರದ ವಿಳಾಸವನ್ನಷ್ಟೇ ಅಳಿಸಿ 'ಅಪ್ಲೈ' ಒತ್ತಿ. ಒಂದು ವಿನಾಯಿತಿ ಇದೆ: ಮನೆಯಲ್ಲಿ ಇಬ್ಬರು ಮೂವರು ಬೇರೆ ಬೇರೆ ಪ್ರೊಫೈಲ್ ಬಳಸುತ್ತಿದ್ದರೆ ಅಲ್ಲಿ ಎರಡು ಸಣ್ಣ ಗೆರೆಯ ನಂತರ 'ಪ್ರೊಫೈಲ್ ಡೈರೆಕ್ಟರಿ' ಎಂದಿರುತ್ತದೆ, ಅದು ಇರಲಿ.

ಟಾಸ್ಕ್‌ಬಾರ್‌ನಲ್ಲಿ ಪಿನ್ ಮಾಡಿದ್ದು ಬೇರೆಯದೇ ಶಾರ್ಟ್‌ಕಟ್, ಸ್ಟಾರ್ಟ್ ಮೆನುವಿನದು ಮತ್ತೊಂದು. ಒಂದನ್ನು ಸರಿಪಡಿಸಿ ಉಳಿದವನ್ನು ಬಿಟ್ಟರೆ 'ಒಮ್ಮೊಮ್ಮೆ ಸರಿ ಬರ್ತದ, ಒಮ್ಮೊಮ್ಮೆ ಇಲ್ಲ' ಎಂಬ ಗೊಂದಲ ಉಳಿಯುತ್ತದೆ. ಟಾಸ್ಕ್‌ಬಾರ್‌ನದನ್ನು ಅನ್‌ಪಿನ್ ಮಾಡಿ ಹೊಸದಾಗಿ ಪಿನ್ ಮಾಡುವುದೇ ಸುಲಭ. ಎಡ್ಜ್, ಫೈರ್‌ಫಾಕ್ಸ್ ಗುರುತುಗಳನ್ನೂ ಹೀಗೇ ನೋಡಿ.

ಎಕ್ಸ್‌ಟೆನ್ಷನ್ ಮತ್ತು ಪಾಲಿಸಿ

ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದ ಟೂಲ್‌ಬಾರ್‌ಗಳು ಈಗ ಕಡಿಮೆಯಾಗಿವೆ. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಬೆಂಬಲ ನಿಲ್ಲಿಸಿತು. ಅದೇ ದಂಧೆ ಈಗ ಎಕ್ಸ್‌ಟೆನ್ಷನ್ ರೂಪದಲ್ಲಿ ನಡೆಯುತ್ತಿದೆ. ಕ್ರೋಮ್‌ನ ಮೂರು ಚುಕ್ಕೆ ಒತ್ತಿ ಎಕ್ಸ್‌ಟೆನ್ಷನ್ಸ್, ಮ್ಯಾನೇಜ್ ಎಕ್ಸ್‌ಟೆನ್ಷನ್ಸ್‌ಗೆ ಹೋಗಿ ಪ್ರತಿಯೊಂದರ 'ಡಿಟೇಲ್ಸ್' ಓದಿ. ಎಲ್ಲ ವೆಬ್‌ಸೈಟುಗಳಲ್ಲಿನ ನಿಮ್ಮ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿ ಪಡೆದದ್ದು ಬ್ಯಾಂಕಿನ ಪುಟವನ್ನೂ ಓದಬಲ್ಲದು. ಯಾಕೆ ಹಾಕಿದ್ದೆಂದು ಮನೆಯಲ್ಲಿ ಯಾರೂ ಹೇಳಲಾರದ ಎಕ್ಸ್‌ಟೆನ್ಷನ್ ಇರಲೇಬಾರದು.

ಕೆಲವಕ್ಕೆ 'ರಿಮೂವ್' ಗುಂಡಿಯೇ ಇರುವುದಿಲ್ಲ. ಮೂರು ಚುಕ್ಕೆಯ ಮೆನುವಿನ ಅಡಿಯಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್' ಎಂದೂ ಕಾಣುತ್ತದೆ. ಕಚೇರಿಯಿಂದ ಕೊಟ್ಟ ಲ್ಯಾಪ್‌ಟಾಪ್ ಆದರೆ ಅದು ಸಹಜ, ಮುಟ್ಟದೆ ಕಚೇರಿಯವರಿಗೆ ತಿಳಿಸಿ. ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಹಾಗಿದ್ದರೆ ಯಾವುದೋ ಪ್ರೋಗ್ರಾಂ ಪಾಲಿಸಿ ಬರೆದಿದೆ. ಕೆಲವು ಆ್ಯಂಟಿವೈರಸ್‌ಗಳೂ ಬರೆಯುತ್ತವೆ, ಆದ್ದರಿಂದ ಮೊದಲು ಏನಿದೆ ಎಂದು ನೋಡಬೇಕು. ವಿಳಾಸ ಪಟ್ಟಿಯಲ್ಲಿ ಕ್ರೋಮ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್, ಎರಡು ಓರೆಗೆರೆ, ಪಾಲಿಸಿ ಎಂದು ಸೇರಿಸಿ ಎಂಟರ್ ಒತ್ತಿ. 'ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್' ಎಂಬ ಸಾಲಿದ್ದರೆ, ಆ ಎಕ್ಸ್‌ಟೆನ್ಷನ್ ಬಲವಂತವಾಗಿ ಕೂರಿಸಿದ್ದು.

ತೆಗೆಯಲು ರಿಜಿಸ್ಟ್ರಿ ಎಡಿಟರ್ ತೆರೆದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂದು ಇಳಿಯಿರಿ. ಆ ಕೊನೆಯ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಮೊದಲು 'ಎಕ್ಸ್‌ಪೋರ್ಟ್' ಮಾಡಿ ಉಳಿಸಿಕೊಳ್ಳಿ, ಆಮೇಲೆ ಅದನ್ನು ಅಳಿಸಿ. ಎಚ್‌ಕೀ ಕರೆಂಟ್ ಯೂಸರ್ ಅಡಿಯಲ್ಲೂ ಅದೇ ದಾರಿಯಲ್ಲಿ ನೋಡಿ. ಎಡ್ಜ್‌ನದು ಪಾಲಿಸೀಸ್ ಒಳಗೆ ಮೈಕ್ರೋಸಾಫ್ಟ್, ಎಡ್ಜ್ ಎಂದಿರುತ್ತದೆ. ಬೇರೆ ಯಾವುದನ್ನೂ ಅಳಿಸಬಾರದು. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಮೇಲೆ ಪಾಲಿಸಿ ಮತ್ತೆ ಬಂದಿದ್ದರೆ, ಬರೆಯುವ ಪ್ರೋಗ್ರಾಂ ಇನ್ನೂ ಒಳಗಿದೆ ಎಂದರ್ಥ. ಆಗ ಟಾಸ್ಕ್ ಶೆಡ್ಯೂಲರ್‌ಗೆ ಹಿಂತಿರುಗಬೇಕು.

ಸ್ಕ್ಯಾನ್ 'ಏನೂ ಇಲ್ಲ' ಎಂದರೆ

ಸ್ಕ್ಯಾನ್ ಮಾಡುವ ಮುನ್ನ ಒಂದು ಪಟ್ಟಿ ನೋಡಲೇಬೇಕು. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ 'ಎಕ್ಸ್‌ಕ್ಲೂಷನ್ಸ್'. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಆದ ಡಿಫೆಂಡರ್ ಯಾವ ಫೋಲ್ಡರುಗಳನ್ನು ನೋಡಬಾರದು ಎಂದು ಹೇಳಿಡುವ ಜಾಗ ಅದು. ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿಸಿಕೊಂಡ ಕಂಪ್ಯೂಟರುಗಳಲ್ಲಿ, ಅದನ್ನು ಆ್ಯಕ್ಟಿವೇಟ್ ಮಾಡುವ ಕಳ್ಳ ಪ್ರೋಗ್ರಾಂ ಸಿಕ್ಕಿಬೀಳದಿರಲೆಂದು ಒಂದು ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿರುತ್ತಾರೆ. ಬಾಗಿಲು ಹಾಗೆ ತೆರೆದಿರುವಾಗ ಡಿಫೆಂಡರ್ 'ಥ್ರೆಟ್ ಇಲ್ಲ' ಎಂದು ಹಸಿರು ಗುರುತು ತೋರಿಸುತ್ತಲೇ ಇರುತ್ತದೆ, ಮನೆಯವರು ಅದನ್ನು ನಂಬಿರುತ್ತಾರೆ. ನೀವೇ ತಿಳಿದು ಸೇರಿಸಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆಯಿರಿ.

ಅದಾದ ಮೇಲೆ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ ಫುಲ್ ಸ್ಕ್ಯಾನ್ ಕೊಡಿ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಕೆಲವು ತಾಸು ಹಿಡಿಯುತ್ತದೆ. ಕ್ಸೆರಾಕ್ಸ್ ಅಂಗಡಿಗೆ ಹೋಗಿ ಬರುವ ಪೆನ್‌ಡ್ರೈವನ್ನೂ ಹಾಕಿಟ್ಟು, 'ದಿಸ್ ಪಿಸಿ' ತೆರೆದು ಅದರ ಮೇಲೆ ಬಲ ಕ್ಲಿಕ್ ಮಾಡಿ ಪ್ರತ್ಯೇಕವಾಗಿ ಸ್ಕ್ಯಾನ್ ಮಾಡಿಸಿ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ಪೆನ್‌ಡ್ರೈವ್ ಇದ್ದರೆ ಅವನ್ನು ಡಬಲ್ ಕ್ಲಿಕ್ ಮಾಡಬೇಡಿ. ನಿಮ್ಮ ಫೈಲುಗಳು ಅಲ್ಲೇ ಮರೆಯಾಗಿರುತ್ತವೆ, 'ವ್ಯೂ' ಮೆನುವಿನ 'ಹಿಡನ್ ಐಟಮ್ಸ್' ಟಿಕ್ ಮಾಡಿದರೆ ಕೆಲವೊಮ್ಮೆ ಕಾಣುತ್ತವೆ. ಕೊನೆಗೆ 'ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್'. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ತೆರೆದ ಕೆಲಸವನ್ನೆಲ್ಲ ಸೇವ್ ಮಾಡಿ ಶುರು ಮಾಡಿ.

ಟೂಲ್‌ಬಾರ್, ಜಾಹೀರಾತು ಪ್ರೋಗ್ರಾಂಗಳಿಗೆಂದೇ ಮಾಡಿದ್ದು ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಡಬ್ಲ್ಯೂಕ್ಲೀನರ್. ಉಚಿತ, ಇನ್‌ಸ್ಟಾಲ್ ಮಾಡುವುದೂ ಬೇಕಿಲ್ಲ. ಕೆಟ್ಟಿರುವ ಕಂಪ್ಯೂಟರಿನಲ್ಲೇ ಅದನ್ನು ಹುಡುಕಿದರೆ ನಕಲಿ ಪುಟಕ್ಕೆ ಹೋಗುವ ಸಂಭವ ಇರುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಆ ಕಂಪನಿಯದೇ ಸೈಟಿನಿಂದ ಇಳಿಸಿ ಪೆನ್‌ಡ್ರೈವ್‌ನಲ್ಲಿ ತನ್ನಿ. ಸ್ಕ್ಯಾನ್ ಆದ ಮೇಲೆ ಪಟ್ಟಿ ಓದಿ 'ಕ್ವಾರಂಟೈನ್' ಕೊಡಿ. 'ಪ್ರೀಇನ್‌ಸ್ಟಾಲ್ಡ್' ಎಂದು ತೋರಿಸುವವು ಕಂಪ್ಯೂಟರ್ ಕಂಪನಿಯವರೇ ಹಾಕಿದ್ದು, ತೆಗೆಯುವ ಅವಸರ ಬೇಡ.

ಈಗ ರೀಸೆಟ್

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ರೀಸೆಟ್ ಸೆಟ್ಟಿಂಗ್ಸ್, 'ರಿಸ್ಟೋರ್ ಸೆಟ್ಟಿಂಗ್ಸ್ ಟು ದೇರ್ ಒರಿಜಿನಲ್ ಡಿಫಾಲ್ಟ್ಸ್'. ಹೋಮ್‌ಪೇಜ್, ಸರ್ಚ್ ಎಂಜಿನ್ ಮೊದಲಿನಂತಾಗುತ್ತವೆ, ಎಕ್ಸ್‌ಟೆನ್ಷನ್‌ಗಳು ನಿಲ್ಲುತ್ತವೆ, ಕುಕ್ಕಿಗಳು ಅಳಿಯುತ್ತವೆ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿಟ್ಟ ಪಾಸ್‌ವರ್ಡ್ ಹಾಗೇ ಇರುತ್ತವೆ. ಕುಕ್ಕಿ ಹೋಗುವುದರಿಂದ ಎಲ್ಲ ಸೈಟುಗಳಿಂದ ಲಾಗೌಟ್ ಆಗುತ್ತೀರಿ, ಜಿಮೇಲ್ ಪಾಸ್‌ವರ್ಡ್ ನೆನಪಿದೆಯೇ ನೋಡಿಕೊಂಡು ಒತ್ತಿ. ಎಡ್ಜ್‌ನಲ್ಲೂ 'ರೀಸೆಟ್ ಸೆಟ್ಟಿಂಗ್ಸ್' ಇದೆ. ಫೈರ್‌ಫಾಕ್ಸ್‌ನಲ್ಲಿ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಲ್ಲಿ 'ರಿಫ್ರೆಶ್ ಫೈರ್‌ಫಾಕ್ಸ್'. ಅದು ಹಳೆಯ ಮಾಹಿತಿಯನ್ನು ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಡುತ್ತದೆ.

ಇಷ್ಟಾದರೂ ಪುಟಗಳು ಬೇರೆಡೆಗೆ ಹೊರಳುತ್ತಿದ್ದರೆ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಪ್ರಾಕ್ಸಿ (ನಿಮ್ಮ ಮತ್ತು ಇಂಟರ್‌ನೆಟ್ಟಿನ ನಡುವೆ ಕೂರುವ ಸರ್ವರ್) ನೋಡಿ. ಮನೆಯಲ್ಲಿ ಪ್ರಾಕ್ಸಿ ಸರ್ವರ್ ಮತ್ತು ಸೆಟಪ್ ಸ್ಕ್ರಿಪ್ಟ್ ಎರಡೂ ಆಫ್ ಇರಬೇಕು. ಸೈಟಿನ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ 'ಆಟೊಮ್ಯಾಟಿಕ್' ಇರಬೇಕು. ಅದೇ ವೈಫೈಗೆ ಸೇರಿಸಿದ ಮೊಬೈಲಿನಲ್ಲೂ ಪುಟ ಹೊರಳಿ, ಮೊಬೈಲ್ ಡೇಟಾದಲ್ಲಿ ಮಾತ್ರ ಸರಿ ಬಂದರೆ ದೋಷ ರೌಟರಿನದು. ಅದನ್ನು ಪಿನ್ ಚುಚ್ಚಿ ಫ್ಯಾಕ್ಟರಿ ರೀಸೆಟ್ ಮಾಡುವ ಮೊದಲು ಫೈಬರ್ ಕೊಟ್ಟವರಿಂದ ನಿಮ್ಮ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಬರೆದುಕೊಳ್ಳಿ. ಇಲ್ಲದಿದ್ದರೆ ಲೈನ್‌ಮನ್ ಬರುವ ತನಕ ಇಂಟರ್‌ನೆಟ್ ಇರುವುದಿಲ್ಲ.

ಕಂಪ್ಯೂಟರ್ ಸ್ವಚ್ಛವಾಯಿತೆಂದು ಖಾತ್ರಿಯಾದ ಮೇಲೆ ಪಾಸ್‌ವರ್ಡ್ ಬದಲಿಸಿ. ಮೊದಲು ಜಿಮೇಲ್, ನಂತರ ಬ್ಯಾಂಕ್. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ನಿಮ್ಮವಲ್ಲದ ಸಾಧನಗಳನ್ನು ಸೈನ್ ಔಟ್ ಮಾಡಿ. ಹಣ ಹೋಗಿದ್ದರೆ ಇದ್ಯಾವುದಕ್ಕೂ ಕಾಯದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಮತ್ತೆ ಬರದಂತೆ

ವಿಂಡೋಸ್ ಸೆಕ್ಯುರಿಟಿಯ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್‌ನಲ್ಲಿ 'ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್' ಆನ್ ಮಾಡಿ, ಅದರ ಎರಡೂ ಟಿಕ್ ಹಾಕಿ. ಹೊಸ ಪ್ರೋಗ್ರಾಂ ಹಾಕುವಾಗ 'ಎಕ್ಸ್‌ಪ್ರೆಸ್' ಬಿಟ್ಟು 'ಕಸ್ಟಮ್' ಆರಿಸಿದರೆ ಜೊತೆಗೆ ಬರುವವುಗಳ ಟಿಕ್‌ಗಳು ಕಾಣುತ್ತವೆ. ಪಹಣಿ ನೋಡಲು, ಪರೀಕ್ಷೆಯ ಫಲಿತಾಂಶ ತಿಳಿಯಲು ಯಾವ ಪ್ರೋಗ್ರಾಂ ಇಳಿಸುವ ಅಗತ್ಯವೂ ಇಲ್ಲ, ಎಲ್ಲ ಬ್ರೌಸರಿನಲ್ಲೇ ಆಗುತ್ತದೆ. ಸರ್ಚ್‌ನಲ್ಲಿ ಮೇಲೆ ಬರುವ ಜಾಹೀರಾತು ಬಿಟ್ಟು, ಸರ್ಕಾರಿ ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಐಎನ್ ಅಥವಾ ಎನ್‌ಐಸಿ ಡಾಟ್ ಐಎನ್ ಇದೆಯೇ ನೋಡಿ. ಮಕ್ಕಳಿಗೆ 'ಸ್ಟ್ಯಾಂಡರ್ಡ್ ಯೂಸರ್' ಖಾತೆ ಮಾಡಿಕೊಡಿ. ಇಡೀ ಕಂಪ್ಯೂಟರಿಗೆ ಅನ್ವಯಿಸುವ ಪ್ರೋಗ್ರಾಂ ಹಾಕುವಾಗ ದೊಡ್ಡವರ ಪಾಸ್‌ವರ್ಡ್ ಕೇಳುತ್ತದೆ.

ವಿಂಡೋಸ್ 7 ಇನ್ನೂ ಓಡುತ್ತಿರುವ ಮನೆಗಳಲ್ಲಿ ಕ್ರೋಮ್ 109ಕ್ಕೇ ನಿಂತಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕ್ ಕೆಲಸ ಮಾಡದಿರುವುದು ಒಳ್ಳೆಯದು.

ಪಾಲಿಸಿ ಅಳಿಸಿದಷ್ಟೂ ಮರಳುತ್ತಿದ್ದರೆ, ಡಿಫೆಂಡರ್ ಆನ್ ಆಗಲು ಒಪ್ಪದಿದ್ದರೆ ಇನ್ನು ಹುಡುಕುತ್ತ ಕೂರಬೇಡಿ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, 'ರೀಸೆಟ್ ದಿಸ್ ಪಿಸಿ' ಆರಿಸಿ 'ಕೀಪ್ ಮೈ ಫೈಲ್ಸ್' ಕೊಡಿ. ಫೈಲುಗಳು ಉಳಿಯುತ್ತವೆ, ಪ್ರೋಗ್ರಾಂಗಳು ಹೋಗುತ್ತವೆ: ನುಡಿ, ಟ್ಯಾಲಿ, ಪ್ರಿಂಟರ್, ಸಹಿ ಟೋಕನ್ನಿನ ಡ್ರೈವರ್ ಎಲ್ಲವನ್ನೂ ಮತ್ತೆ ಹಾಕಬೇಕಾಗುತ್ತದೆ. 'ಕ್ಲೌಡ್ ಡೌನ್‌ಲೋಡ್' ಆರಿಸಿದರೆ 4 ಜಿಬಿಗೂ ಹೆಚ್ಚು ಡೇಟಾ ಬೇಕು, ಮೊಬೈಲ್ ಹಾಟ್‌ಸ್ಪಾಟ್ ಇದ್ದವರು 'ಲೋಕಲ್ ರೀಇನ್‌ಸ್ಟಾಲ್' ಆರಿಸಲಿ. ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸುವುದಾದರೆ ಕಂಪ್ಯೂಟರಿನ ಜೊತೆ ಬಂದ ಲೈಸೆನ್ಸಿನ ವಿಂಡೋಸನ್ನೇ ಹಾಕಲು ಹೇಳಿ, ಮನೆಗೆ ತಂದ ಕೂಡಲೇ ಡಿಫೆಂಡರಿನ ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆರೆದು ಖಾಲಿ ಇದೆಯೇ ನೋಡಿಕೊಳ್ಳಿ.